ರಿಸೆಪ್ಷನಿಸ್ಟ್ ಸಂದರ್ಶನಕ್ಕೆ ಹೊರಡುವ ಮುನ್ನ

ಪದವಿ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ಮಂಗಳೂರಿನ ಒಂದು ಕಚೇರಿಯಿಂದ ರಿಸೆಪ್ಷನಿಸ್ಟ್ ಕೆಲಸಕ್ಕೆ ಕರೆದಿದ್ದಾರೆ, ಏನು ಓದಿಕೊಂಡು ಹೋಗಬೇಕು?’ ಓದುವಂಥದ್ದು ಹೆಚ್ಚೇನೂ ಇಲ್ಲ. ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡುವಂಥದ್ದು, ವಿಚಾರಿಸಿ ತಿಳಿಯುವಂಥದ್ದು ಬೇಕಾದಷ್ಟಿದೆ. ಅಭ್ಯರ್ಥಿಗಳನ್ನು ಆರಿಸುವ ಮೇಜಿನ ಆಚೆ ಬದಿಯಲ್ಲಿ ಕುಳಿತ ಅನುಭವದಿಂದ ಹೇಳುವುದಾದರೆ, ಇಂಗ್ಲಿಷ್ ಸರಿಯಾಗಿ ಬಾರದೆ ಕೆಲಸ ಕಳೆದುಕೊಂಡವರು ಕಡಿಮೆ. ಆ ಕಚೇರಿಯ ಬಾಗಿಲಿಗೆ ಯಾರು ಬರುತ್ತಾರೆ, ಬಂದವರಿಗೆ ಏನು ಬೇಕಾಗಿರುತ್ತದೆ ಎಂದು ಒಮ್ಮೆಯೂ ಯೋಚಿಸದೆ ಬಂದವರೇ ಹೆಚ್ಚು. ಕೆಳಗಿನ ಹಂತಗಳೆಲ್ಲ ಈ ಒಂದು ವಿಚಾರದಿಂದಲೇ ಹೊರಟವು.

ಇದು ಹೆಣ್ಣುಮಕ್ಕಳ ಕೆಲಸ ಎಂದು ಗಂಡುಮಕ್ಕಳು ಹಿಂಜರಿಯಬೇಕಾಗಿಲ್ಲ. ಹೋಟೆಲುಗಳಲ್ಲೂ ಆಸ್ಪತ್ರೆಗಳ ರಾತ್ರಿ ಪಾಳಿಯಲ್ಲೂ ಅವರಿಗೆ ಬೇಡಿಕೆ ಇದೆ.

1. ಕರೆ ಬಂದ ಗಳಿಗೆಯಿಂದಲೇ ಎಚ್ಚರ

ಸಂದರ್ಶನದ ದಿನ ತಿಳಿಸಲು ಬರುವ ಫೋನ್ ಕರೆಯೇ ಮೊದಲ ಪರೀಕ್ಷೆ. ಬೇರೆ ಕೆಲಸಕ್ಕಾದರೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಿನವಿಡೀ ಫೋನ್ ಎತ್ತಬೇಕಾದವರನ್ನು ಆರಿಸುವಾಗ ಹಿಡಿಯುತ್ತಾರೆ. ಅರ್ಜಿ ಹಾಕಿದ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ‘ಯಾರು?’ ಎಂದು ಶುರು ಮಾಡಬೇಡಿ. ನಮಸ್ಕಾರ ಹೇಳಿ, ನಿಮ್ಮ ಹೆಸರು ಹೇಳಿ. ಬಸ್ಸಿನಲ್ಲಿದ್ದು ಹಾರ್ನ್ ಸದ್ದಿಗೆ ಏನೂ ಕೇಳಿಸದಿದ್ದರೆ, ಸ್ವಲ್ಪ ಹೊತ್ತಿನಲ್ಲಿ ನಾನೇ ಕರೆ ಮಾಡುತ್ತೇನೆ ಎಂದು ತಿಳಿಸಿ, ಹೇಳಿದಂತೆಯೇ ಮಾಡಿ. ದಿನ, ಗಂಟೆ, ಕಟ್ಟಡದ ಹೆಸರು, ಮಹಡಿ, ಅಲ್ಲಿ ಯಾರನ್ನು ಕಾಣಬೇಕು ಎಂಬುದನ್ನು ಬರೆದುಕೊಂಡು, ಬರೆದದ್ದನ್ನು ಅವರಿಗೆ ಓದಿ ಹೇಳಿ. ಒಂದೇ ಸಂಸ್ಥೆಗೆ ಮಂಗಳೂರಿನಲ್ಲೊಂದು, ಮಣಿಪಾಲದಲ್ಲೊಂದು ಕಚೇರಿ ಇರುವುದು ಸಾಮಾನ್ಯ. ಯಾವುದಕ್ಕೆ ಬರಬೇಕೆಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೇಳದೆ ಬೇರೆ ಊರಿಗೆ ಹೋಗಿ ನಿಂತರೆ ಮಾತ್ರ ಉತ್ತರವಿಲ್ಲ.

ಒಂದು ಎಚ್ಚರಿಕೆ. ನೋಂದಣಿ ಶುಲ್ಕ, ಯೂನಿಫಾರ್ಮ್ ಹಣ, ತರಬೇತಿ ಠೇವಣಿ ಎಂದು ಯಾವ ಹೆಸರಿನಲ್ಲಾದರೂ ಮುಂಗಡ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ತೆಗೆದುಕೊಳ್ಳುವುದಿಲ್ಲ. ಈಗಾಗಲೇ ಆನ್‌ಲೈನ್‌ನಲ್ಲಿ ಹಣ ಕಳುಹಿಸಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

2. ಆ ಬಾಗಿಲಿಗೆ ಯಾರು ಬರುತ್ತಾರೆ?

ಕಚೇರಿಯ ಹೆಸರು ತಿಳಿದ ಮೇಲೆ ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ. ಎಡಗಡೆ ಅಲ್ಲಿಗೆ ಬರುವವರು, ಬಲಗಡೆ ಅವರು ಕೇಳುವ ಮೊದಲ ಪ್ರಶ್ನೆ.

ಆಸ್ಪತ್ರೆಯಾದರೆ ಹೀಗೆ ಯೋಚಿಸಿ. ಮಂಗಳೂರು, ದೇರಳಕಟ್ಟೆ, ಮಣಿಪಾಲದ ಆಸ್ಪತ್ರೆಗಳಿಗೆ ಕಾಸರಗೋಡು, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಕಡೆಯಿಂದ ನಸುಕಿನ ಬಸ್ಸಿಗೆ ಹೊರಟು ಬಂದವರಿರುತ್ತಾರೆ. ಡಾಕ್ಟರು ಇವತ್ತು ಇದ್ದಾರೆಯೇ, ಎಷ್ಟು ಹೊತ್ತಾಗಬಹುದು, ಸಂಜೆಯ ಬಸ್ ಸಿಗುತ್ತದೆಯೇ, ಆರೋಗ್ಯ ಕಾರ್ಡ್ ನಡೆಯುತ್ತದೆಯೇ ಎಂಬುದು ಅವರ ಚಿಂತೆ. ಇಲ್ಲಿ ಕೆಲವು ಪದಗಳು ಗೊತ್ತಿರಬೇಕು. ಒಪಿಡಿ ಎಂದರೆ ದಾಖಲಾಗದೆ ತೋರಿಸಿಕೊಂಡು ಹೋಗುವವರ ಹೊರರೋಗಿ ವಿಭಾಗ. ಟಿಪಿಎ ಎಂದರೆ ವಿಮಾ ಕಂಪನಿಯ ಪರವಾಗಿ ಆಸ್ಪತ್ರೆಯ ಬಿಲ್ಲಿನ ಕಾಗದಪತ್ರ ಪರಿಶೀಲಿಸುವ ಮಧ್ಯವರ್ತಿ ಸಂಸ್ಥೆ. ರೋಗಿ ಕೈಯಿಂದ ಹಣ ಕಟ್ಟದೆ ವಿಮೆಯಿಂದಲೇ ಬಿಲ್ ತೀರುವ ವ್ಯವಸ್ಥೆಗೆ ಕ್ಯಾಶ್‌ಲೆಸ್ ಎನ್ನುತ್ತಾರೆ.

ಬೈಕಂಪಾಡಿಯ ಕಾರ್ಖಾನೆ ಅಥವಾ ಪಣಂಬೂರಿನ ಬಂದರಿನ ವ್ಯವಹಾರ ನೋಡುವ ಏಜೆನ್ಸಿಯಾದರೆ ಚಿತ್ರವೇ ಬೇರೆ. ಲಾರಿ ಚಾಲಕರು, ಕೊರಿಯರ್‌ನವರು, ಹಿಂದಿಯಲ್ಲಿ ಮಾತನಾಡುವ ಸಾಗಣೆದಾರರು ಬರುತ್ತಾರೆ. ಗೇಟ್ ಪಾಸ್, ವಾಹನ ಸಂಖ್ಯೆ, ಯಾವ ವಿಭಾಗಕ್ಕೆ ಹೋಗಬೇಕು ಎಂಬ ವಿಚಾರಗಳು. ಫ್ಲ್ಯಾಟ್ ಕಟ್ಟಿ ಮಾರುವ ಸಂಸ್ಥೆಗಳಿಗೆ ಗಲ್ಫ್‌ನಿಂದ ಕರೆಗಳು ಬರುತ್ತವೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಇದೆ ಎಂಬ ಸಣ್ಣ ವಿಷಯ ಗೊತ್ತಿದ್ದರೆ, ‘ಬೆಳಗ್ಗೆ 9 ಗಂಟೆಗೆ ಕರೆ ಮಾಡುತ್ತೇವೆ’ ಎಂದು ಹೇಳಿ ಗ್ರಾಹಕರನ್ನು ಏಳೂವರೆಗೆ ಎಬ್ಬಿಸುವ ಪ್ರಮೇಯ ಬರುವುದಿಲ್ಲ. ಲೆಕ್ಕಪರಿಶೋಧಕರ ಕಚೇರಿಯಾದರೆ ಜುಲೈ ತಿಂಗಳ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಕೆಯ ಗಡಿಬಿಡಿ, ಕಾಲೇಜಾದರೆ ಪ್ರವೇಶದ ಋತುವಿನಲ್ಲಿ ಹಾಸ್ಟೆಲ್ ಬಗ್ಗೆ ಕೇಳುವ ತಂದೆತಾಯಂದಿರು.

ಗೂಗಲ್ ನಕ್ಷೆಯಲ್ಲಿ ಆ ಸಂಸ್ಥೆಯ ಬಗ್ಗೆ ಜನ ಬರೆದಿರುವುದನ್ನೂ ಓದಿ. ‘ಫೋನ್ ಎತ್ತುವುದೇ ಇಲ್ಲ’, ‘ಸುಮ್ಮನೆ ಕಾಯಿಸಿದರು’ ಎಂಬ ದೂರುಗಳು ಕಂಡರೆ ಅವರಿಗೆ ಬೇಕಾಗಿರುವುದೇನು ಎಂದು ತಿಳಿಯಿತು. ಆದರೆ ಆ ದೂರನ್ನು ಸಂದರ್ಶನದಲ್ಲಿ ಎತ್ತಿ ಆಡಬೇಡಿ. ಕರೆಗಳನ್ನು ತಪ್ಪದೆ ಬರೆದಿಡುವ ನಿಮ್ಮ ಅಭ್ಯಾಸದ ಬಗ್ಗೆ ಹೇಳಿದರೆ ಸಾಕು, ಅವರಿಗೇ ಅರ್ಥವಾಗುತ್ತದೆ.

3. ಕಾಗದಪತ್ರ

ಬಯೋಡೇಟಾ ಒಂದು ಪುಟದಲ್ಲಿ ಮುಗಿಯಲಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಪಟ್ಟಿ, ಆಧಾರ್, ಅನುಭವ ಪತ್ರವಿದ್ದರೆ ಅದು, ಎರಡು ಭಾವಚಿತ್ರ, ಎಲ್ಲದರ ಜೆರಾಕ್ಸ್ ಪ್ರತಿ ಒಂದೇ ಫೈಲಿನಲ್ಲಿರಲಿ. ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರಿನ ಅಕ್ಷರಗಳು ಬೇರೆಯಾಗಿದ್ದರೆ ಅದನ್ನು ಮೊದಲೇ ಗಮನಿಸಿ, ಕೇಳಿದರೆ ಹೇಳಲು ಸಿದ್ಧರಾಗಿರಿ. ಮುಂದೆ ಪಿಎಫ್ (ಭವಿಷ್ಯ ನಿಧಿ) ಖಾತೆ ತೆರೆಯುವಾಗ ಇದೇ ತೊಡಕಾಗುತ್ತದೆ.

ಮೂಲ ಅಂಕಪಟ್ಟಿಗಳನ್ನು ತೋರಿಸಿ, ಕೊಟ್ಟು ಬರಬೇಡಿ. ‘ನಮ್ಮಲ್ಲೇ ಇರಲಿ, ಕೆಲಸ ಬಿಡುವಾಗ ಕೊಡುತ್ತೇವೆ’ ಎನ್ನುವ ಕಚೇರಿಯಲ್ಲಿ ಕೆಲಸ ಬಿಡುವುದು ಸುಲಭವಲ್ಲ.

ಭಾಷೆಗಳ ಪಟ್ಟಿಯಲ್ಲಿ ನಮ್ಮ ಕಡೆಯವರು ಮಾಡುವ ಒಂದು ತಪ್ಪು ನನಗೆ ಪ್ರತಿ ಸಲ ಬೇಸರ ತರಿಸುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ ಎಂದು ಬರೆದು ನಿಲ್ಲಿಸುತ್ತಾರೆ. ಮನೆಯಲ್ಲಿ ತುಳು, ನೆರೆಮನೆಯವರೊಡನೆ ಕೊಂಕಣಿ ಅಥವಾ ಬ್ಯಾರಿ, ಕಾಲೇಜಿನ ಗೆಳತಿಯರೊಡನೆ ಮಲಯಾಳ ಮಾತನಾಡುವವರೂ ಅವನ್ನು ಬರೆಯುವುದಿಲ್ಲ. ಅದೊಂದು ಅರ್ಹತೆಯೇ ಎಂಬ ಸಂಕೋಚ. ಸ್ವಾಗತ ಮೇಜಿನಲ್ಲಿ ಅದೇ ದೊಡ್ಡ ಅರ್ಹತೆ. ಮಾತನಾಡಲು ಬರುವುದು, ಓದಲು ಬರುವುದು, ಬರೆಯಲು ಬರುವುದು ಎಂದು ಬೇರೆಬೇರೆಯಾಗಿ ನಮೂದಿಸಿ. ಅರ್ಥವಾಗುತ್ತದೆ, ಮಾತನಾಡಲು ಬಾರದು ಎಂದಿದ್ದರೆ ಹಾಗೆಯೇ ಬರೆಯಿರಿ. ಸುಳ್ಳು ಬರೆದರೆ ಮುಂದಿನ ಹಂತದಲ್ಲಿ ಸಿಕ್ಕಿಬೀಳುತ್ತೀರಿ.

4. ಬಾಯಿಬಿಟ್ಟು ಅಭ್ಯಾಸ: ಭಾಷೆ ಮತ್ತು ಫೋನ್

ಇಂಗ್ಲಿಷಿನಲ್ಲೇ ಮಾತು ಶುರು ಮಾಡಿದ ಸಂದರ್ಶಕರು ನಡುವೆ ತಟಕ್ಕನೆ ತುಳುವಿಗೆ ಅಥವಾ ಕನ್ನಡಕ್ಕೆ ಹೊರಳುವುದುಂಟು. ಅದು ಸಲಿಗೆಯಿಂದ ಆಗಿರಬಹುದು, ಪರೀಕ್ಷೆಯೂ ಆಗಿರಬಹುದು. ಅವರು ಕೇಳಿದ ಭಾಷೆಯಲ್ಲೇ ಉತ್ತರಿಸಿ. ಗೆಳೆಯರಿಂದ ತುಳು ಕಲಿತವರು ಹಿರಿಯರಿಗೂ ‘ಈ’ (ನೀನು) ಎಂದುಬಿಡುತ್ತಾರೆ, ‘ಈರ್’ (ನೀವು) ಎನ್ನಬೇಕು. ‘ಬಲೆ, ಕುಲ್ಲುಲೆ’ (ಬನ್ನಿ, ಕುಳಿತುಕೊಳ್ಳಿ) ಎಂದು ಗೌರವದಿಂದ ಹೇಳಲು ಬಂದರೆ ಹಳ್ಳಿಯಿಂದ ಬಂದ ಅಜ್ಜಿಯ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ. ಬಾರದ ಭಾಷೆಯಾದರೆ ಬಾರದೆಂದು ಹೇಳಿ. ‘ಮಲಯಾಳ ಮಾತ್ರ ಬರುವವರು ಬಂದರೆ ಅದು ಬಲ್ಲ ಸಹೋದ್ಯೋಗಿಯನ್ನು ಕರೆಯುತ್ತೇನೆ, ಅಷ್ಟರವರೆಗೆ ಅವರನ್ನು ಕುಳ್ಳಿರಿಸುತ್ತೇನೆ’ ಎಂಬುದು ಒಪ್ಪುವ ಉತ್ತರ.

ಇಂಗ್ಲಿಷಿನ ಭಯವಿರುವವರು ಇಡೀ ವ್ಯಾಕರಣ ಪುಸ್ತಕ ಹಿಡಿದು ಕೂರಬೇಡಿ. ಈ ಕೆಲಸಕ್ಕೆ ದಿನವೂ ಬೇಕಾಗುವ ವಾಕ್ಯಗಳು ಕೆಲವೇ: ಸಂಸ್ಥೆಯ ಹೆಸರು ಹೇಳಿ ನಮಸ್ಕರಿಸುವುದು, ಯಾರು ಮಾತನಾಡುತ್ತಿದ್ದೀರಿ ಎಂದು ಕೇಳುವುದು, ಸ್ವಲ್ಪ ಹೊತ್ತು ಕಾಯಲು ಹೇಳುವುದು, ಸಂಬಂಧಪಟ್ಟವರಿಗೆ ಕರೆ ದಾಟಿಸುವುದು, ಅವರಿಲ್ಲವೆಂದು ತಿಳಿಸಿ ಸಂದೇಶ ಕೇಳುವುದು, ತಡವಾದದ್ದಕ್ಕೆ ಕ್ಷಮೆ ಕೋರುವುದು. ಇವನ್ನು ಬರೆದುಕೊಂಡು, ನಾಲಿಗೆ ತೊಡರದಷ್ಟು ಸಲ ಗಟ್ಟಿಯಾಗಿ ಹೇಳಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಸಿಕೊಳ್ಳಿ. ನಮ್ಮಲ್ಲಿ ಹೆಚ್ಚಿನವರು ಫೋನಿನಲ್ಲಿ ವೇಗವಾಗಿ ಮಾತನಾಡುತ್ತೇವೆ, ಸಂಸ್ಥೆಯ ಹೆಸರನ್ನೇ ನುಂಗಿಬಿಡುತ್ತೇವೆ.

ಈಗ ಸಂದೇಶ ಬರೆದುಕೊಳ್ಳುವ ವಿಚಾರ. ಸಂದರ್ಶನದಲ್ಲಿ ಒಬ್ಬರು ಫೋನ್ ಮಾಡಿದಂತೆ ನಟಿಸಿ, ನಿಮ್ಮಿಂದ ಸಂದೇಶ ಬರೆಸುವ ಪರೀಕ್ಷೆ ಕೊಡಬಹುದು. ‘ಶೆಟ್ಟರು ಫೋನ್ ಮಾಡಿದ್ದರು’ ಎಂದು ಚೀಟಿ ಬರೆದಿಟ್ಟರೆ ಮಂಗಳೂರಿನಲ್ಲಿ ಅದಕ್ಕೆ ಅರ್ಥವೇ ಇಲ್ಲ. ಯಾವ ಶೆಟ್ಟರು? ಡಿಸೋಜ, ಭಟ್, ಪೈ, ರೈ ಯಾರೇ ಆದರೂ ಇದೇ ಕಥೆ. ಪೂರ್ತಿ ಹೆಸರು, ಊರು ಅಥವಾ ಸಂಸ್ಥೆ, ಯಾವ ವಿಷಯ, ಕರೆ ಬಂದ ಸಮಯ, ಮರಳಿ ಯಾವಾಗ ಕರೆ ಮಾಡಬೇಕು, ಯಾವ ನಂಬರಿಗೆ ಎಂಬಷ್ಟೂ ಬೇಕು. ನಂಬರನ್ನು ಅವರಿಗೆ ಓದಿ ಹೇಳಿ ಖಚಿತ ಮಾಡಿಕೊಳ್ಳಿ. ಸ್ಥಿರ ದೂರವಾಣಿಯಾದರೆ ಮಂಗಳೂರಿನದು 0824, ಉಡುಪಿಯದು 0820. ಇವೆರಡನ್ನು ಅದಲುಬದಲು ಮಾಡುವವರು ಇನ್ನೂ ಇದ್ದಾರೆ.

ಇಪಿಎಬಿಎಕ್ಸ್ ಎಂಬ ಹೆಸರು ಕೇಳಿ ಗಾಬರಿಯಾಗಬೇಡಿ. ಹೊರಗಿನ ಕರೆಯನ್ನು ಕಚೇರಿಯೊಳಗಿನ ಬೇರೆಬೇರೆ ಫೋನುಗಳಿಗೆ ಹಂಚುವ ಯಂತ್ರ ಅದು. ಪ್ರತಿ ಮೇಜಿನ ಫೋನಿಗೂ ಒಂದು ಪುಟ್ಟ ಸಂಖ್ಯೆ ಇರುತ್ತದೆ, ಅದಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಗುಂಡಿಗಳನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು. ಕರೆಯನ್ನು ದಾಟಿಸುವ ಮೊದಲು ಒಳಗಿನವರಿಗೆ ‘ಇಂಥವರು, ಇಂಥ ವಿಷಯಕ್ಕೆ’ ಎಂದು ತಿಳಿಸಬೇಕೆಂಬ ಪದ್ಧತಿ ಗೊತ್ತಿದ್ದರೆ ಸಾಕು.

5. ಖಂಡಿತ ಬರುವ ಪ್ರಶ್ನೆಗಳು

‘ನಿಮ್ಮ ಬಗ್ಗೆ ಹೇಳಿ’ ಎಂದರೆ ತಂದೆಯ ಉದ್ಯೋಗ, ಅಣ್ಣ ತಮ್ಮಂದಿರ ಪಟ್ಟಿ ಬೇಡ. ಊರು, ಓದು, ಬರುವ ಭಾಷೆಗಳು, ಜನರೊಡನೆ ಒಡನಾಡಿದ ಒಂದು ಕೆಲಸ, ಇಷ್ಟನ್ನು ಒಂದು ನಿಮಿಷದಲ್ಲಿ ಹೇಳಿ. ಅನುಭವವಿಲ್ಲದವರು ‘ನಾನು ಫ್ರೆಷರ್’ ಎಂದು ಕೈಚೆಲ್ಲುವುದನ್ನು ನೋಡಿದ್ದೇನೆ. ಕಾಲೇಜು ಉತ್ಸವದ ನೋಂದಣಿ ಮೇಜಿನಲ್ಲಿ ಕುಳಿತಿಲ್ಲವೇ? ದೇವಸ್ಥಾನದ ಜಾತ್ರೆಯಲ್ಲಿ ಸೇವೆಯ ರಸೀದಿ ಬರೆದಿಲ್ಲವೇ? ಚರ್ಚಿನ ಹಬ್ಬದ ದಿನ ಬಂದವರಿಗೆ ದಾರಿ ತೋರಿಸಿಲ್ಲವೇ? ಆ ದಿನ ಸಾಲು ಉದ್ದವಾದಾಗ ಏನು ಮಾಡಿದಿರಿ ಎಂದು ಹೇಳಿ. ‘ನಾನು ತಾಳ್ಮೆಯವಳು’ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಯಾರೂ ಬರೆದುಕೊಳ್ಳುವುದಿಲ್ಲ.

‘ಎರಡು ಫೋನ್ ಒಟ್ಟಿಗೆ ಬಡಿದುಕೊಳ್ಳುತ್ತಿವೆ, ಎದುರಿಗೆ ಒಬ್ಬರು ನಿಂತಿದ್ದಾರೆ, ಏನು ಮಾಡುತ್ತೀರಿ?’ ಇದಕ್ಕೆ ಒಂದೇ ಸರಿಯುತ್ತರವಿಲ್ಲ, ಕ್ರಮವೊಂದಿರಬೇಕು ಅಷ್ಟೆ. ಎದುರಿಗಿದ್ದವರನ್ನು ನೋಡಿ ತಲೆಯಾಡಿಸಿ ಕುಳಿತುಕೊಳ್ಳಲು ಹೇಳುತ್ತೇನೆ, ಮೊದಲ ಕರೆ ಎತ್ತಿ ಒಂದು ನಿಮಿಷ ಕಾಯುವಿರಾ ಎಂದು ಕೇಳುತ್ತೇನೆ, ಎರಡನೆಯ ಕರೆಯವರ ನಂಬರ್ ಪಡೆದು ಮರಳಿ ಕರೆ ಮಾಡುತ್ತೇನೆ, ಹೀಗೆ. ಎದುರಿಗೆ ನಿಂತವರು ಎದೆನೋವಿನಿಂದ ಬಂದವರಾದರೆ ಫೋನುಗಳು ಬಡಿದುಕೊಳ್ಳುತ್ತಿರಲಿ. ಆಸ್ಪತ್ರೆಯ ಸಂದರ್ಶನದಲ್ಲಿ ಈ ಒಂದು ಮಾತನ್ನು ಸೇರಿಸಿದವರು ಬೇಗ ಗಮನ ಸೆಳೆಯುತ್ತಾರೆ.

‘ಸಿಟ್ಟಿನಿಂದ ಕೂಗಾಡುವವರು ಬಂದರೆ?’ ಅವರ ಮಾತು ಮುಗಿಯುವವರೆಗೆ ಕೇಳುವುದು, ಅವರು ಹೇಳಿದ್ದನ್ನು ಚಿಕ್ಕದಾಗಿ ಮರಳಿ ಹೇಳುವುದು, ನಿಮ್ಮ ಕೈಯಲ್ಲಿ ಆಗದ್ದನ್ನು ಆಗುತ್ತದೆ ಎನ್ನದಿರುವುದು, ಯಾರು ನೋಡುತ್ತಾರೆ, ಯಾವಾಗ ಎಂದು ತಿಳಿಸುವುದು. ತಪ್ಪು ಬೇರೆ ವಿಭಾಗದ್ದಾದರೂ ‘ಅದು ಅವರದ್ದು, ನನಗೆ ಗೊತ್ತಿಲ್ಲ’ ಎನ್ನಬಾರದು.

‘ಸಾಹೇಬರು ಒಳಗಿದ್ದಾರೆ, ಆದರೆ ಯಾರನ್ನೂ ಬಿಡಬೇಡಿ ಎಂದಿದ್ದಾರೆ. ಬಂದವರಿಗೆ ಏನು ಹೇಳುತ್ತೀರಿ?’ ಊರಲ್ಲಿಲ್ಲ ಎಂದು ಸುಳ್ಳು ಹೇಳಿದರೆ, ಐದು ನಿಮಿಷದಲ್ಲಿ ಸಾಹೇಬರೇ ಚಹಾ ಕೇಳುತ್ತಾ ಹೊರಗೆ ಬಂದಾಗ ಮುಖ ಎಲ್ಲಿಡುತ್ತೀರಿ? ‘ಈಗ ಭೇಟಿಗೆ ಸಿಗುವುದಿಲ್ಲ, ವಿಷಯ ಹೇಳಿದರೆ ತಿಳಿಸಿ ಸಮಯ ಗೊತ್ತುಮಾಡುತ್ತೇನೆ’ ಎಂದರೆ ಸುಳ್ಳೂ ಇಲ್ಲ, ಸಾಹೇಬರ ಮಾತೂ ಉಳಿಯಿತು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗುಟ್ಟು ಕಾಪಾಡುವ ಪ್ರಶ್ನೆ. ನಮ್ಮೂರುಗಳಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಸಂಬಂಧ. ‘ಆ ಹುಡುಗಿ ಯಾವ ಡಾಕ್ಟರನ್ನು ನೋಡಲು ಬಂದಿದ್ದಳು ಮಾರಾಯ್ತಿ?’ ಎಂದು ನಿಮ್ಮ ಚಿಕ್ಕಮ್ಮನೇ ಕೇಳಬಹುದು. ‘ಆ ಫ್ಲ್ಯಾಟ್ ಎಷ್ಟಕ್ಕೆ ಹೋಯಿತು?’ ಎಂದು ನೆರೆಯವರು ಕೇಳಬಹುದು. ಸಂದರ್ಶಕರು ಇಂಥದ್ದೊಂದು ಸನ್ನಿವೇಶ ಮುಂದಿಟ್ಟರೆ, ‘ಹೇಳುವುದಿಲ್ಲ’ ಎಂದರಷ್ಟೇ ಸಾಲದು. ಸಂಬಂಧ ಕೆಡದಂತೆ ಹೇಗೆ ಹೇಳುವುದಿಲ್ಲ ಎಂದೂ ತೋರಿಸಬೇಕು. ‘ಅದನ್ನು ಹೊರಗೆ ಹೇಳುವ ಹಾಗಿಲ್ಲ ಚಿಕ್ಕಮ್ಮ, ನನ್ನ ಕೆಲಸ ಹೋಗುತ್ತದೆ’ ಎಂದು ನಗುತ್ತಲೇ ಹೇಳಿ ಮಾತು ಬದಲಾಯಿಸುತ್ತೇನೆ ಎನ್ನಿ.

ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದರೆ ಹಳೆಯ ಮಾಲೀಕರನ್ನು ಬೈಯಬೇಡಿ. ಮಂಗಳೂರು ನೀವು ತಿಳಿದಿರುವುದಕ್ಕಿಂತ ಚಿಕ್ಕದು, ಇಬ್ಬರೂ ಒಂದೇ ಕ್ಲಬ್ಬಿನವರಾಗಿರಬಹುದು. ಮದುವೆ ಯಾವಾಗ, ಮಕ್ಕಳೆಷ್ಟು ಎಂಬ ಪ್ರಶ್ನೆಗಳು ಹೆಣ್ಣುಮಕ್ಕಳಿಗೆ ಇಂದಿಗೂ ಬರುತ್ತವೆ. ಕೇಳಬಾರದ ಪ್ರಶ್ನೆ ಅದು; ಆದರೂ ಕೇಳುತ್ತಾರೆ. ವಾದಕ್ಕಿಳಿಯುವುದೂ ಬೇಡ, ಮನೆಯ ವಿವರ ಬಿಚ್ಚುವುದೂ ಬೇಡ. ‘ಕೆಲಸದ ಸಮಯಕ್ಕೆ ನನ್ನಿಂದ ಅಡ್ಡಿಯಾಗದು’ ಎಂದು ಹೇಳಿ ಸುಮ್ಮನಾಗಿ. ಪಟ್ಟು ಹಿಡಿದು ಅದನ್ನೇ ಕೆದಕಿದರೆ ಆ ಕಚೇರಿಯ ಬಗ್ಗೆ ನಿಮಗೊಂದು ಮಾಹಿತಿ ಸಿಕ್ಕಿತು.

6. ಕಂಪ್ಯೂಟರ್

ಇಮೇಲ್ ಬರೆದು ಕಡತ ಲಗತ್ತಿಸುವುದು, ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಅಕಾರಾದಿಯಾಗಿ ಜೋಡಿಸಿ ಮುದ್ರಿಸುವುದು, ಇಷ್ಟು ಬಂದರೆ ಸಾಮಾನ್ಯವಾಗಿ ಸಾಕು. ಕನ್ನಡ ಟೈಪಿಂಗ್ ಬಂದರೆ ಹೇಳಲು ಮರೆಯಬೇಡಿ. ಸಣ್ಣ ಕಚೇರಿಗಳಲ್ಲಿ ಇನ್‌ವರ್ಡ್, ಔಟ್‌ವರ್ಡ್ ಎಂಬ ಎರಡು ಪುಸ್ತಕಗಳಿರುತ್ತವೆ: ಬಂದ ಟಪಾಲು, ಹೋದ ಟಪಾಲುಗಳ ದಾಖಲೆ. ಕೊರಿಯರ್, ಚಿಲ್ಲರೆ ಖರ್ಚಿನ ಲೆಕ್ಕ, ಕೆಲವೆಡೆ ಬಿಲ್ಲಿಂಗ್ ಕೂಡ ಇದೇ ಮೇಜಿಗೆ ಬರುತ್ತದೆ. ಯಾವುದೆಲ್ಲ ನಿಮ್ಮ ಪಾಲಿಗೆ ಎಂದು ಸಂದರ್ಶನದಲ್ಲೇ ಕೇಳಿ ತಿಳಿದುಕೊಳ್ಳಿ.

7. ಆ ದಿನ

ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆ ಎಂದು ಲೆಕ್ಕ ಹಾಕುತ್ತೇವೆ. ಕೂಳೂರು ಸೇತುವೆಯೋ ನಂತೂರು ವೃತ್ತವೋ ಆ ಲೆಕ್ಕವನ್ನು ಒಪ್ಪುವುದಿಲ್ಲ. ಬೆಳಗ್ಗಿನ ಶಾಲೆ-ಕಚೇರಿಯ ಹೊತ್ತಿಗೆ ಒಂದು ಬಸ್ ಮುಂಚಿನದನ್ನೇ ಹಿಡಿಯಿರಿ. ಹಂಪನಕಟ್ಟೆ, ಬಲ್ಮಠ, ಕೊಡಿಯಾಲಬೈಲ್ ಸುತ್ತಮುತ್ತ ಕಟ್ಟಡ ಹುಡುಕುವುದಕ್ಕೇ ಹೊತ್ತು ಹೋಗುತ್ತದೆ. ಆಗುವುದಾದರೆ ಹಿಂದಿನ ದಿನವೇ ನೋಡಿಕೊಂಡು ಬನ್ನಿ. ತಡವಾಗುವುದು ಖಚಿತವಾದರೆ ಗಂಟೆ ಹೊಡೆಯುವ ಮೊದಲೇ ಫೋನ್ ಮಾಡಿ ತಿಳಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಫೈಲಿಗೆ ಪ್ಲಾಸ್ಟಿಕ್ ಹೊದಿಕೆ, ಕೊಡೆ, ಒಂದು ಸಣ್ಣ ಟವೆಲ್ ಬೇಕೇ ಬೇಕು. ಒದ್ದೆ ಕೊಡೆಯನ್ನು ಸಂದರ್ಶನ ಕೋಣೆಯೊಳಗೆ ಒಯ್ಯದೆ ಹೊರಗೇ ಇಡಿ. ಉಡುಪಿನಲ್ಲಿ ಸೀರೆ, ಚೂಡಿದಾರ, ಪ್ಯಾಂಟ್-ಶರ್ಟ್ ಯಾವುದಾದರೂ ಸರಿ, ಇಸ್ತ್ರಿಯಾಗಿರಲಿ, ಕುಳಿತು ಎದ್ದರೆ ಸರಿಪಡಿಸಿಕೊಳ್ಳುವಂತಿರಬಾರದು. ಮೊದಲ ಸಲ ಸೀರೆ ಉಡುವ ದಿನ ಇದಾಗದಿರಲಿ. ಮಲ್ಲಿಗೆ ಮುಡಿಯಬಹುದೇ ಎಂದು ಕೆಲವರು ಕೇಳುತ್ತಾರೆ. ಉಡುಪಿ ಮಲ್ಲಿಗೆಯ ಮೇಲೆ ನನಗೂ ಪ್ರೀತಿಯಿದೆ, ಆದರೆ ಮುಚ್ಚಿದ ಎಸಿ ಕೋಣೆಯಲ್ಲಿ ಒಂದು ಚೆಂಡು ಮಲ್ಲಿಗೆಯ ಪರಿಮಳ ಕೆಲವರಿಗೆ ತಲೆನೋವು ತರುತ್ತದೆ. ಆಸ್ಪತ್ರೆಯಾದರೆ ಹೂವೂ ಬೇಡ, ಗಾಢ ಸುಗಂಧ ದ್ರವ್ಯವೂ ಬೇಡ.

ಒಳಗೆ ಕಾಲಿಟ್ಟ ಕ್ಷಣದಿಂದ, ನಿಮ್ಮ ಹೆಸರು ಕರೆಯುವವರೆಗಿನ ಸಮಯವನ್ನು ಹಾಳು ಮಾಡಬೇಡಿ. ಕಾವಲುಗಾರರನ್ನು ಮರ್ಯಾದೆಯಿಂದ ಮಾತನಾಡಿಸಿ, ಬಂದವರ ಹೆಸರು ಬರೆಸುವ ಪುಸ್ತಕದಲ್ಲಿ ಓದಲು ಬರುವಂತೆ ಬರೆಯಿರಿ. ಆ ಮೇಜಿನಲ್ಲಿ ಈಗ ಕುಳಿತಿರುವವರನ್ನು ಗಮನಿಸಿ. ಅಲ್ಲಿ ಕೆಲಸ ಹೇಗೆ ನಡೆಯುತ್ತಿದೆ, ಯಾರು ಬರುತ್ತಿದ್ದಾರೆ, ಯಾವ ಭಾಷೆ ಹೆಚ್ಚು ಕೇಳಿಸುತ್ತಿದೆ ಎಂಬುದೆಲ್ಲ ಎದುರಿಗೇ ಇದೆ. ಬೆಂಚಿನಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದರೆ ಅದು ಕಾಣುವುದಿಲ್ಲ. ಇನ್ನೊಂದು ವಿಷಯ: ನೀವು ಹೋದ ಮೇಲೆ ‘ಆ ಹುಡುಗಿ ಹೇಗೆ?’ ಎಂದು ಆ ಮೇಜಿನವರನ್ನೂ ಕೇಳುವ ಪದ್ಧತಿ ಕೆಲವು ಕಚೇರಿಗಳಲ್ಲಿದೆ.

8. ಸಂಬಳ ಮತ್ತು ಸಮಯ

ಎಷ್ಟು ನಿರೀಕ್ಷಿಸುತ್ತೀರಿ ಎಂದರೆ ‘ನೀವು ಕೊಟ್ಟಷ್ಟು’ ಎನ್ನಬೇಡಿ. ಅದೇ ಊರಿನಲ್ಲಿ ಅಂಥದ್ದೇ ಕೆಲಸ ಮಾಡುವವರನ್ನು ಮೊದಲೇ ವಿಚಾರಿಸಿ ಒಂದು ಮೊತ್ತ ಹೇಳಿ. ಅವರು ಹೇಳಿದ ಮೊತ್ತ ಕೈಗೆ ಬರುವುದೋ, ಕಡಿತಕ್ಕೆ ಮುಂಚಿನದೋ ಎಂದು ಕೇಳಿ. ಉದಾಹರಣೆಗೆ ತಿಂಗಳಿಗೆ 16,000 ರೂಪಾಯಿ, ಅದರಲ್ಲಿ ಮೂಲವೇತನ 12,000 ಎಂದಿಟ್ಟುಕೊಳ್ಳಿ. ಭವಿಷ್ಯ ನಿಧಿಗೆ ಮೂಲವೇತನದ ಶೇ. 12ರಂತೆ 1,440, ಇಎಸ್‌ಐಗೆ ಒಟ್ಟು ಸಂಬಳದ ಶೇ. 0.75ರಂತೆ 120 ಕಡಿತವಾದರೆ ಕೈಗೆ ಬರುವುದು 14,440. ಇಎಸ್‌ಐ ಎಂದರೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ನೌಕರರಿಗೂ ಅವರ ಕುಟುಂಬಕ್ಕೂ ಚಿಕಿತ್ಸೆ ಒದಗಿಸುವ ವಿಮೆ. ಕಡಿತವಾಯಿತೆಂದು ಕೊರಗಬೇಡಿ, ಮನೆಯಲ್ಲಿ ವಯಸ್ಸಾದ ಅವಲಂಬಿತರಿದ್ದರೆ ಅದು ದೊಡ್ಡ ಆಸರೆ. ಸಿಟಿಸಿ, ಅಂದರೆ ನಿಮಗಾಗಿ ಸಂಸ್ಥೆ ಮಾಡುವ ಒಟ್ಟು ವೆಚ್ಚ, ಎಂಬ ಅಂಕಿ ಹೇಳಿದರೆ ಮಾತ್ರ ಎಚ್ಚರ. ಅದರಲ್ಲಿ ಸಂಸ್ಥೆ ತನ್ನ ಕಡೆಯಿಂದ ಕಟ್ಟುವ ಪಾಲೂ ಸೇರಿರುತ್ತದೆ.

ಸಮಯದ ವಿಚಾರ ಸಂಬಳದಷ್ಟೇ ಮುಖ್ಯ. ವಾರದ ರಜೆ ಯಾವತ್ತು, ಪಾಳಿ ಇದೆಯೇ, ಸಂಜೆ ಎಷ್ಟಕ್ಕೆ ಬಿಡುತ್ತಾರೆ, ಆ ಹೊತ್ತಿಗೆ ನಿಮ್ಮೂರಿನ ಕೊನೆಯ ಬಸ್ ಇದೆಯೇ? ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಒಳ ಊರುಗಳಿಗೆ ಹೋಗುವ ಬಸ್ಸುಗಳು ರಾತ್ರಿಯಾಗುತ್ತಿದ್ದಂತೆ ವಿರಳವಾಗುತ್ತವೆ. ‘ಯಾವ ಸಮಯವಾದರೂ ಆಗಬಹುದು’ ಎಂದು ಉತ್ಸಾಹದಲ್ಲಿ ಒಪ್ಪಿ, ಮೊದಲ ತಿಂಗಳಲ್ಲೇ ಬಿಟ್ಟವರು ಹಲವರಿದ್ದಾರೆ.

9. ಮುಗಿದ ಮೇಲೆ

ಫಲಿತಾಂಶ ಯಾವಾಗ ತಿಳಿಸುತ್ತೀರಿ ಎಂದು ಕೇಳಿ ಹೊರಡಿ. ಅವರು ಹೇಳಿದ ದಿನ ದಾಟಿದ ಮೇಲೆ ಒಂದು ಸಲ ಫೋನ್ ಮಾಡಬಹುದು, ದಿನಾ ಬೇಡ. ಆಯ್ಕೆಯಾದರೆ ನೇಮಕಾತಿ ಪತ್ರವನ್ನು ಲಿಖಿತವಾಗಿ ಕೇಳಿ. ಹುದ್ದೆಯ ಹೆಸರು, ಸಂಬಳದ ವಿಂಗಡಣೆ, ಪ್ರೊಬೇಷನ್ ಎಷ್ಟು ತಿಂಗಳು, ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಇಷ್ಟು ವರ್ಷ ಬಿಡಬಾರದೆಂಬ ಬಾಂಡ್ ಇದೆಯೇ ಎಂದು ಓದಿಯೇ ಸಹಿ ಹಾಕಿ. ಪ್ರೊಬೇಷನ್ ಎಂದರೆ ಕಾಯಂ ಮಾಡುವ ಮೊದಲು ನಿಮ್ಮ ಕೆಲಸ ನೋಡುವ ಅವಧಿ. ಆ ಅವಧಿಯಲ್ಲೂ ಪೂರ್ತಿ ಸಂಬಳ ಕೊಡುತ್ತಾರೆಯೇ ಎಂದು ಕೇಳಬಹುದು. ಈಗಾಗಲೇ ಒಂದು ಕಡೆ ಕೆಲಸದಲ್ಲಿರುವವರು ಆ ಪತ್ರ ಕೈಗೆ ಬರುವ ಮೊದಲು ರಾಜೀನಾಮೆ ಕೊಡಬೇಡಿ. ‘ಬನ್ನಿ, ಸೋಮವಾರದಿಂದ ಶುರು ಮಾಡಿ’ ಎಂದು ಬಾಯಿಮಾತಿನಲ್ಲಿ ಎಷ್ಟೇ ಪ್ರೀತಿಯಿಂದ ಹೇಳಿದರೂ.